ಮೊಸರನ್ನದ ಬೆಕ್ಕು ಮತ್ತು ಬೀಗ ಹಾಕಿದ ಮನೆ

ಬೆಕ್ಕು ಸಾಕಿದವರೆಲ್ಲರಿಗೂ ಗೊತ್ತಿರುವ ಒಂದು ಸಣ್ಣ ಸಂಗತಿಯಿಂದ ಶುರು ಮಾಡುತ್ತೇನೆ. ಹಾಯಾಗಿ ಮೈ ನೆಕ್ಕಿಕೊಳ್ಳುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ನಾಲಿಗೆಯನ್ನು ಅರ್ಧಕ್ಕೇ ನಿಲ್ಲಿಸಿ, ನಿಮ್ಮ ಹೆಗಲ ಮೇಲಿಂದ ಹಿಂದಿನ ಗೋಡೆಯನ್ನು ದಿಟ್ಟಿಸತೊಡಗುತ್ತದೆ. ಗೋಡೆಯ ಮೇಲೆ ಹಲ್ಲಿಯಿಲ್ಲ, ನೊಣವಿಲ್ಲ. ಹೋದ ವರ್ಷದ ಕ್ಯಾಲೆಂಡರು ತೂಗಿದ್ದ ಮೊಳೆಯೊಂದನ್ನು ಬಿಟ್ಟರೆ ಅವಲೋಕನಕ್ಕೆ ಅರ್ಹವಾದದ್ದು ಏನೂ ಇಲ್ಲ. ಆದರೂ ನೀವು ತಿರುಗಿ ನೋಡುತ್ತೀರಿ. ನಾನಂತೂ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ದಿನವಿಡೀ ಪುಡಿಗಳ ಶುದ್ಧಾಶುದ್ಧ ಪರೀಕ್ಷಿಸಿ, ಯಂತ್ರ ತೋರಿಸದ್ದನ್ನು ನಂಬಬಾರದೆಂದು ಕಿರಿಯರಿಗೆ ಉಪದೇಶಿಸಿ, ಸಂಜೆ ಕೂಕಟ್‌ಪಲ್ಲಿಯ ಮನೆಯಲ್ಲಿ ಚಹಾದ ಕಪ್ಪು ಹಿಡಿದು ಕೂತಾಗ, ಬೆಕ್ಕು ನೋಡಿದ ಕಡೆಗೆಲ್ಲ ಕತ್ತು ತಿರುಗಿಸುತ್ತಿದ್ದೆ.

ನಮ್ಮ ಬೆಕ್ಕಿನ ಹೆಸರು ಶರಣಿ. ಮೆಟ್ರೊ ಕಂಬದ ಬುಡದಲ್ಲಿ ಸಿಕ್ಕ ಬೂದುಬಣ್ಣದ ಮರಿಗೆ ಆ ಹೆಸರಿಟ್ಟವಳು ನನ್ನ ಹೆಂಡತಿ ಗಿರಿಜಾ. ರಾಯಚೂರು ಕಡೆಯ ಲಿಂಗವಂತರು ನಾವು. ನಮ್ಮ ಹೊಸ್ತಿಲನ್ನು ಈವರೆಗೆ ಒಂದು ತತ್ತಿಯೂ ದಾಟಿಲ್ಲ. ಮಕ್ಕಳಿಲ್ಲದ ಮನೆಗೆ ಬಂದ ಈ ಜೀವಕ್ಕೂ ಅದೇ ನೇಮ ಅನ್ವಯಿಸಿತು. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಮಧ್ಯಾಹ್ನಕ್ಕೆ ಮೊಸರನ್ನ, ಹಬ್ಬಕ್ಕೆ ತುಪ್ಪ ಸವರಿದ ಹೋಳಿಗೆಯ ಚೂರು. ಇಷ್ಟರ ಮೇಲೆ ಶರಣಿ ಮೈತುಂಬಿಕೊಂಡು, ರೋಮ ಮಿರುಗಿಸುತ್ತ, ಪರದೆಯ ತುದಿಯಿಂದ ಕಪಾಟಿನ ನೆತ್ತಿಗೆ ಹಾರುತ್ತಿದ್ದಳು. ಮನೆಗೆ ಬಂದವರಿಗೆಲ್ಲ ಅವಳನ್ನು ತೋರಿಸುವುದು ನನ್ನ ವ್ಯಸನವಾಯಿತು. ಹುಲಿಯ ಬಂಧುವನ್ನೇ ಸಾತ್ವಿಕಾಹಾರ ಪಳಗಿಸಬಲ್ಲುದಾದರೆ ಮನುಷ್ಯನದೇನು ಮಹಾ ಎಂದು ನಮ್ಮ ಕನ್ನಡದವರ ಕೂಟವೊಂದರಲ್ಲಿ ನಾನು ಮಾಡಿದ ಭಾಷಣಕ್ಕೆ ಚಪ್ಪಾಳೆಯೂ ಬಿತ್ತು. ಕಾರ್ಖಾನೆಯಲ್ಲಿ ಮಾದರಿ ತೆಗೆಯದೆ ಒಂದು ಡ್ರಮ್ಮಿಗೂ ರುಜು ಹಾಕದವನು, ಮನೆಯಲ್ಲಿ ಏನನ್ನೂ ಪರೀಕ್ಷಿಸದೆ ರುಜು ಹಾಕಿಬಿಟ್ಟಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ ಝುಬೇದಾ ಆಪಾ ಇದ್ದರು. ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ತವರು ರಾಯಚೂರು. ಹೀಗಾಗಿ ಇಡೀ ಅಪಾರ್ಟ್‌ಮೆಂಟಿನಲ್ಲಿ ನಮ್ಮೊಡನೆ ಕನ್ನಡ ಆಡುವ ಏಕೈಕ ವ್ಯಕ್ತಿ. ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಾಗ ಅವರು ಶರಣಿಯ ಗದ್ದ ಕೆರೆಯುತ್ತ ಕೇಳಿದ್ದರು:

"ಸಾಹೇಬ್ರ, ನಿಮ್ಮ ಬಿಲ್ಲಿ ಭಾಳ ಛಲೋ ಐತಿ. ಖರೇನೂ ಬರೀ ಮೊಸರನ್ನ ತಿಂತೈತೇನ್ರಿ?"

ನಾನು ಅಲ್ಲೇ ನಿಂತು ಭಾಷಣದ ಸಾರಾಂಶ ಒಪ್ಪಿಸಿದೆ. ಆಪಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಎಲ್ಲವನ್ನೂ ಕೇಳಿ, "ಆಗ್ಲಿರಿ, ಅಲ್ಲಾ ದೊಡ್ಡಾವ" ಎಂದು ಒಳಗೆ ಹೋದರು.

ಒಂದು ಚಳಿಗಾಲ ಆಪಾ ತೀರಿಕೊಂಡರು. ಸಿಕಂದರಾಬಾದಿನಿಂದ ಅವರ ತಂಗಿಯ ಮಗ ಬಂದು ಕಾರ್ಯಗಳನ್ನೆಲ್ಲ ಮುಗಿಸಿ, ಮನೆಗೆ ಬೀಗ ಹಾಕಿಕೊಂಡು ಹೋದ. ಅಂದಿನಿಂದ ಶರಣಿಗೆ ಹೊಸದೊಂದು ಅಭ್ಯಾಸ ಹತ್ತಿತು. ಸಂಜೆಯ ಆಜಾನ್ ಕೇಳುತ್ತಲೇ ಅವಳು ಮೆಟ್ಟಿಲಿಳಿದು ಹೋಗಿ ಆ ಬೀಗದ ಬಾಗಿಲ ಮುಂದೆ ಕೂರುವಳು. ಮೊದಮೊದಲು ನಮಗೆ ಇದರಲ್ಲಿ ಕರುಣರಸವಷ್ಟೇ ಕಂಡಿತು. ಮೂಕಪ್ರಾಣಿಯ ನಿಷ್ಠೆಯ ಬಗ್ಗೆ ನಾನು ಇನ್ನೊಂದು ಭಾಷಣಕ್ಕೆ ಮನಸ್ಸಿನಲ್ಲೇ ಪೀಠಿಕೆ ಹಾಕಿಕೊಂಡೆ.

ಆದರೆ ತಿಂಗಳುಗಳು ಉರುಳಿ, ವರ್ಷ ತುಂಬುವ ಹೊತ್ತಿಗೆ ಅವಳ ಕಣ್ಣುಗಳು ಬೇರೆಯಾಗಿದ್ದವು. ಸುಡುವ ಮಧ್ಯಾಹ್ನದ ಬೆಳಕಿನಲ್ಲೂ ಪಾಪೆಗಳು ಗೆರೆಯಾಗಿ ಕಿರಿದಾಗದೆ, ಹಳದಿಯನ್ನು ಅಂಚಿನವರೆಗೆ ತಳ್ಳಿ ಕಪ್ಪಾಗಿ ತೆರೆದುಕೊಂಡೇ ಇರುತ್ತಿದ್ದವು. ದೀಪ ತಾಗಿದರೆ ಆ ಕಪ್ಪಿನ ಆಳದಿಂದ ಹಸಿರು ಬೆಳಕೊಂದು ಎದ್ದು ಬರುತ್ತಿತ್ತು. ಕಪಾಟು ಹತ್ತುವುದನ್ನು ಬಿಟ್ಟಳು. ಬಾಲ್ಕನಿಗೆ ಬಂದ ಪಾರಿವಾಳಗಳು ಅವಳ ಮೂಗಿನ ಮುಂದೆಯೇ ಕಾಳು ಹೆಕ್ಕುತ್ತಿದ್ದವು. ಕೆಳಗಿನ ಬಾಗಿಲ ಮುಂದೆ ಮಾತ್ರ ಜೀವ ಬರುತ್ತಿತ್ತು. ಅಲ್ಲಿ ಅವಳು ಬರಿಯ ಹೊಸ್ತಿಲನ್ನು ನೆಕ್ಕುವಳು, ಇಲ್ಲದ ತುತ್ತನ್ನು ಅಗಿಯುವಳು, ಯಾರೋ ಗದ್ದ ಕೆರೆಯುತ್ತಿರುವಂತೆ ಕತ್ತೆತ್ತಿ ಗುರುಗುಟ್ಟುವಳು. ಕಸ ಗುಡಿಸುವಾಕೆ ಆ ಜಾಗದಲ್ಲಿ ಪೊರಕೆ ಎತ್ತಿ ಹಿಡಿದು ದಾಟತೊಡಗಿದಳು. ಒಂದೇ ಮಹಡಿ ಇಳಿಯಬೇಕಾದವರೂ ಲಿಫ್ಟಿಗೆ ಕಾಯತೊಡಗಿದರು.

"ಆಪಾ ಒಳಗ ಅದಾರ್ರೀ," ಎಂದಳು ಗಿರಿಜಾ. "ನಮಗ ಕಾಣಂಗಿಲ್ಲ, ಆಕಿಗೆ ಕಾಣ್ತಾರ."

ನಾನು ನಕ್ಕೆ. ಅದೇ ಸಂಜೆ ಬೆಕ್ಕನ್ನು ಎತ್ತಿಕೊಂಡು ಬರಲು ಇಳಿದವನಿಗೆ ಬಾಗಿಲ ಸಂದಿನಿಂದ ತಣ್ಣನೆಯ ಗಾಳಿ ಕಾಲ್ಬೆರಳಿಗೆ ತಾಗಿತು. ಶರಣಿಯ ಮುಖದ ಮುಂದೆ ಕೈಯಾಡಿಸಿದೆ. ಅವಳು ರೆಪ್ಪೆ ಬಡಿಯಲಿಲ್ಲ. ನನ್ನ ಕೈ ಅಲ್ಲಿಲ್ಲವೇ ಇಲ್ಲ ಎಂಬಂತೆ, ನನ್ನನ್ನು ಹಾಯ್ದು ಬಾಗಿಲನ್ನೇ ನೋಡುತ್ತಿದ್ದಳು. ಅಂಗೈಯ ಅಡ್ಡವನ್ನೂ ಲೆಕ್ಕಿಸದಷ್ಟು ಮಹತ್ತರವಾದದ್ದೇನನ್ನೋ ಕಾಣುತ್ತಿದ್ದಾಳೆ ಎಂದು ನನಗೆ, ಶುದ್ಧಾಶುದ್ಧ ಪರೀಕ್ಷಕನಿಗೆ, ಅನ್ನಿಸಿತು. ಹೆದರಿಕೆಯಾಯಿತು. ಬೆಕ್ಕನ್ನು ಅಲ್ಲೇ ಬಿಟ್ಟು ಮೇಲೆ ಬಂದೆ.

ಕೆಲವು ದಿನಗಳ ಮೇಲೆ ಆಪಾ ಅವರ ತಂಗಿಯ ಮಗ ಮನೆಗೆ ಗಾಳಿಯಾಡಿಸಲು ಬಂದು ಬಾಗಿಲು ತೆಗೆದ. ಅಲ್ಲೇ ಕೂತಿದ್ದ ಶರಣಿ ಅವನ ಕಾಲ ಸಂದಿನಿಂದ ಒಳಗೆ ನುಗ್ಗಿದಳು. ಹಿಡಿಯಲು ನಾನೂ ಹೋದೆ. ಕಿಟಕಿಗಳು ಮುಚ್ಚಿದ್ದ ಆ ಮನೆಯಲ್ಲಿ ನಾನು ಕುರ್ಚಿಗೂ ಮೇಜಿಗೂ ಮೊಣಕಾಲು ತಾಗಿಸಿಕೊಂಡು ನಡೆದರೆ, ಅವಳು ಗೋಡೆಗೆ ಮೈಯೊತ್ತಿಕೊಂಡು ಒಂದೂ ತಿರುವು ತಪ್ಪದೆ ಅಡುಗೆಮನೆ ಸೇರಿ, ಬಾಗಿಲ ಹಿಂದಿನ ಮೂಲೆಯಲ್ಲಿ ನಿಂತಳು. ಅಲ್ಲೊಂದು ಪಿಂಗಾಣಿ ಬಳಿದ ತಟ್ಟೆ ಬೋರಲಾಗಿ ಬಿದ್ದಿತ್ತು.

ಹಿಂದಿನಿಂದ ಅವನ ದನಿ ಬಂತು. "ಊಪರ್ ಕೀ ಬಚ್ಚಿ ಕೈಸೀ ಹೈ, ಅಂಕಲ್?" ಮೇಲಿನ ಮನೆಯ ಮಗು ಹೇಗಿದೆ ಎಂದು ಕೇಳುತ್ತಿದ್ದ.

ನಮ್ಮ ಮನೆಯಲ್ಲಿ ಮಗುವೇ ಇಲ್ಲ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಖಾಲಾ, ಅಂದರೆ ಅವನ ದೊಡ್ಡಮ್ಮ ಆಪಾ, ವಾರವಾರವೂ ತನ್ನಿಂದ ಮಾಂಸದಂಗಡಿಯ ಕಲೇಜಿ, ಖೀಮಾ ತರಿಸುತ್ತಿದ್ದರಂತೆ. ಮೇಲಿನ ಮನೆಯಲ್ಲೊಂದು ಹೆಣ್ಣುಮಗು ಇದೆ, ಅವರ ಮನೆಯಲ್ಲಿ ಇದು ನಡೆಯುವುದಿಲ್ಲ, ಇದಿಲ್ಲದೆ ಅದು ಬದುಕುವುದಿಲ್ಲ, ಯಾರ ಮುಂದೆಯೂ ಬಾಯಿ ಬಿಡಬೇಡ, ಒಳ್ಳೆಯ ಜನ, ನೊಂದುಕೊಳ್ಳುತ್ತಾರೆ ಎನ್ನುತ್ತಿದ್ದರಂತೆ. ಅರೆಕ್ಷಣ ನನಗೆ ನಮ್ಮದೇ ಮನೆಯಲ್ಲಿ ನಮಗೆ ಕಾಣದ ಹುಡುಗಿಯೊಬ್ಬಳು ಓಡಾಡುತ್ತಿದ್ದಂತೆ ಭಾಸವಾಯಿತು. ಆಮೇಲೆ ಕೆಳಗೆ ನೋಡಿದೆ. ಶರಣಿ ತಟ್ಟೆಯ ಬೆನ್ನನ್ನು ನೆಕ್ಕುತ್ತಿದ್ದಳು.

ಮರುದಿನ ಕರೆದೊಯ್ದಾಗ ಪಶುವೈದ್ಯರು ಅವಳ ಕಣ್ಣಿಗೆ ಬೆಳಕು ಬಿಟ್ಟು, ಎದೆಗೆ ಸ್ಟೆಥಸ್ಕೋಪು ಇಟ್ಟು ಪರೀಕ್ಷಿಸಿದರು. ಟೌರಿನ್ ಎಂಬ ಪದಾರ್ಥವನ್ನು ಬೆಕ್ಕಿನ ದೇಹ ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು, ಅದಕ್ಕೆ ಅದು ಮಾಂಸದಿಂದಲೇ ದಕ್ಕಬೇಕು, ದಕ್ಕದಿದ್ದರೆ ಕಣ್ಣಿನ ಒಳಪದರ ಸವೆಯುತ್ತದೆ, ಹೃದಯ ಸೋಲುತ್ತದೆ ಎಂದು ವಿವರಿಸಿದರು. ಅವಳು ಬಾಗಿಲನ್ನು ನೋಡುತ್ತಿರಲಿಲ್ಲ. ಏನನ್ನೂ ನೋಡುತ್ತಿರಲಿಲ್ಲ. ಆ ಪುಡಿಯ ಹೆಸರನ್ನು ನಾನು ಡ್ರಮ್ಮುಗಳ ಮೇಲೆ ಎಷ್ಟೋ ಸಲ ಓದಿದ್ದೆ. ಹಾಗಾದರೆ ಸಸ್ಯಾಹಾರಕ್ಕೇ ಅದನ್ನು ಬೆರೆಸಿ ಕೊಡಬಹುದಲ್ಲ ಎಂದೆ, ಮುಳುಗುವಾಗಲೂ ಭಾಷಣ ಬಿಡದವನಂತೆ. ಎಲ್ಲವನ್ನೂ ಅಳೆದು ತೂಗಿ ಬೆರೆಸಿದ ಸಿದ್ಧ ಆಹಾರ ಕೊಟ್ಟು, ಆಗಾಗ ಪರೀಕ್ಷೆ ಮಾಡಿಸಿ ಸಾಕುವವರು ಇದ್ದಾರೆ, ಆದರೆ ಅದಕ್ಕೆ ಗಟ್ಟಿ ಬೆಕ್ಕು ಬೇಕು ಎಂದರು ಅವರು. ಈ ಹೃದಯದ ಮೇಲೆ ಪ್ರಯೋಗ ಬೇಡ; ಮಾತ್ರೆ ಕೊಡಿ, ಮಾಂಸವನ್ನೂ ಕೊಡಿ. ಹೃದಯ ಸುಧಾರಿಸಬಹುದು. ಕಣ್ಣು ಬರುವುದಿಲ್ಲ.

ಮನೆಗೆ ಬರುವವರೆಗೆ ಗಿರಿಜಾಳ ಮಡಿಲಲ್ಲಿ ಶರಣಿ ಮೇಲುಸಿರು ಬಿಡುತ್ತಿದ್ದಳು. ನೇಮ ಬಿಡುವುದೋ ಬೆಕ್ಕನ್ನು ಬಿಡುವುದೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಬಾಗಿಲ ಮುಂದೆ ನಿಂತು ಗಿರಿಜಾಳೇ ಹೇಳಿದಳು:

"ಆಪಾನ ಮನಿ ಕೀಲಿ ಕೇಳ್ರಿ ಆ ಹುಡುಗನ್ನ. ನಮ್ಮ ಒಲಿ ಮ್ಯಾಲೆ ನನ್ನ ಕೈಲೆ ಆಗಂಗಿಲ್ಲ. ಅವ್ರ ಒಲಿ ಮ್ಯಾಲೆ ಮಾಡ್ತೀನಿ."

ಅವನು ಸಂತೋಷದಿಂದ ಕೊಟ್ಟ. ಆ ಮನೆಯ ಬಗ್ಗೆ ಹಬ್ಬಿದ ಸುದ್ದಿಯಿಂದ ಬಾಡಿಗೆಗೆ ಹೇಗೂ ಯಾರೂ ಬರುತ್ತಿರಲಿಲ್ಲ. ಈಗ ದಿನಾ ಸಂಜೆ ನಾನು ಕಪ್ಪು ಚೀಲದಲ್ಲಿ ಕಲೇಜಿ ತರುತ್ತೇನೆ. ಅಂಗಡಿಯವನು ನನ್ನನ್ನು ಹಳೆಯ ಗಿರಾಕಿ ಎಂದೇ ಭಾವಿಸಿದ್ದಾನೆ. ಗಿರಿಜಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಆಪಾ ಅವರ ಪಾತ್ರೆಯಲ್ಲಿ ಅದನ್ನು ಬೇಯಿಸುತ್ತಾಳೆ. ಉಪ್ಪು ಹಾಕಬೇಕೋ ಬೇಡವೋ ಎಂದು ಒಮ್ಮೆ ಕೇಳಿದಳು, ನನ್ನನ್ನಲ್ಲ. ಮುಗಿಸಿ, ಮೇಲೆ ಬಂದು ತಲೆಯ ಮೇಲೆ ನೀರು ಹೊಯ್ದುಕೊಂಡು ಪೂಜೆಗೆ ಕೂರುತ್ತಾಳೆ. ನಮ್ಮ ಶರಣಿಯ ಶೀಲವನ್ನು ಇಷ್ಟು ವರ್ಷ ಕಾಪಾಡಿದ್ದು ಈ ಒಲೆ ಎಂಬುದನ್ನು ನೆನೆದರೆ ನನಗೆ ನಗು ಬರುತ್ತದೆ, ಜೊತೆಗೇ ಕಣ್ಣೂ ತುಂಬುತ್ತದೆ. ಆಪಾ ಆ ದಿನ ಮೆಟ್ಟಿಲ ಮೇಲೆ ಸೆರಗಿನ ಹಿಂದೆ ನಕ್ಕಿದ್ದರೆಂದು ಈಗ ಗೊತ್ತಾಗಿದೆ.

ಶರಣಿಯ ಉಸಿರು ಹಗುರಾಗಿದೆ, ಮೈಗೆ ಮಿರುಗು ಮರಳಿದೆ. ಕಣ್ಣು ಹಾಗೆಯೇ ಇದೆ. ಕತ್ತಲಾಗುವ ಹೊತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ತಟ್ಟೆ ಇಟ್ಟರೆ ಅವಳು ತಕ್ಷಣ ಬಾಯಿ ಹಾಕುವುದಿಲ್ಲ. ಕತ್ತೆತ್ತಿ, ಬಾಗಿಲಲ್ಲಿ ನಿಂತ ನನ್ನ ಹೆಗಲ ಮೇಲಿಂದ ಹಿಂದಿನ ಖಾಲಿ ಕೋಣೆಯ ಕಡೆಗೆ ಮುಖಮಾಡಿ, ಕಾಣದ ಆ ಕಪ್ಪು ಕಣ್ಣುಗಳಿಂದ ದಿಟ್ಟಿಸುತ್ತ ಕಾಯುತ್ತಾಳೆ. ಅವಳಿಗೆ ಏನೂ ಕಾಣುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ, ನಾನೂ ಒಪ್ಪಿದ್ದೇನೆ. ಈಗ ನಾನು ತಿರುಗಿ ನೋಡುವುದಿಲ್ಲ. ಬಾಗಿಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು, ಒಬ್ಬರು ಬರುವಷ್ಟು ದಾರಿ ಬಿಡುತ್ತೇನೆ. ಆಗ ಅವಳು ತಿನ್ನಲು ತೊಡಗುತ್ತಾಳೆ.