ಸಣ್ಣತಿಮ್ಮಪ್ಪ ಕೊಟ್ಟ ಮಾತು

ಬೆಳಗಿನ ಐದೂಮುಕ್ಕಾಲು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮೂರಂತಸ್ತಿನ ಕಟ್ಟಡದ ತಾರಸಿಯ ಮೇಲೆ ಸಣ್ಣತಿಮ್ಮಪ್ಪ ಟ್ಯಾಂಕಿನ ಮುಚ್ಚಳ ಸರಿಸಿ ಇಣುಕುತ್ತಾರೆ. ನೀರು ತುಂಬಿದೆ. ಮೆಟ್ಟಿಲಿಳಿದು ಮೋಟರ್ ಆರಿಸಿ, ಪೊರಕೆ ಹಿಡಿಯುತ್ತಾರೆ. ಒಳಗೆ ಮಲಗಿರುವ ಬಾಡಿಗೆದಾರರಲ್ಲಿ ಅವರ ಹೆಸರು ಬಲ್ಲವರು ಕಡಿಮೆ.

"ನೀರು ಬಂದ್ರೆ ನಾನ್ಯಾರು ಅಂತ ಯಾರೂ ಕೇಳಲ್ರಿ. ನಿಂತ ದಿನ ಎಲ್ರೂ ಕೇಳ್ತಾರೆ," ಎನ್ನುತ್ತಾರೆ.

ಅರವತ್ಮೂರರ ಈ ಮನುಷ್ಯ ದಿನಾ ಹರಿಹರದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಇಲ್ಲಿ ಎರಡು, ಹರಿಹರದಲ್ಲಿ ಒಂದು ಕಟ್ಟಡ. ಒಟ್ಟು ಇಪ್ಪತ್ತಾರು ಬಾಡಿಗೆ ಮನೆಗಳು ಅವರ ಸುಪರ್ದಿಯಲ್ಲಿವೆ. ಕಟ್ಟಿಕೊಂಡ ಚರಂಡಿ, ಸೋರುವ ನಲ್ಲಿ, ಮನೆ ನೋಡಲು ಬರುವವರು, ಎಲ್ಲವೂ ಅವರ ಪಾಲಿಗೇ.

ಹುಟ್ಟೂರು ಭಾನುವಳ್ಳಿ. ಹರೆಯದಲ್ಲಿ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತವರು. ಅದು ಬಾಗಿಲು ಹಾಕಿದಾಗ ಅವರಿಗೆ ಮೂವತ್ತೆಂಟು. ದಾವಣಗೆರೆಯ ಮಿಲ್ಲುಗಳು ಅದಕ್ಕೂ ಮೊದಲೇ ಸದ್ದಡಗಿದ್ದವು. ಆಗ ಎರಡೂ ಊರಲ್ಲಿ ಬಾಡಿಗೆ ಮನೆ ಕೇಳುವವರಿರಲಿಲ್ಲ. ಈಗ ಕಾಲೇಜು, ಆಸ್ಪತ್ರೆ, ಹೊಸ ಕೈಗಾರಿಕಾ ಶೆಡ್ಡುಗಳು ಜನರನ್ನು ಎಳೆದು ತರುತ್ತಿವೆ. ಹೊರಗಿನವರು ಹಳೆ ಮನೆ ಕೊಂಡು, ಕೆಡವಿ, ಮೇಲೆ ಮೇಲೆ ಕಟ್ಟುತ್ತಿದ್ದಾರೆ.

ಇವರು ನೋಡಿಕೊಳ್ಳುವ ಕಟ್ಟಡಗಳ ಮಾಲೀಕ, ಹುಬ್ಬಳ್ಳಿಯ ವಿಜಯಕುಮಾರ್ ಅಂಥವರಲ್ಲೊಬ್ಬರು. ಐದು ವರ್ಷದ ಹಿಂದೆ ಬ್ಯಾಂಕ್ ಸಾಲ ಮಾಡಿ ಹರಿಹರದಲ್ಲಿ ಆರು ಮನೆಗಳ ವಠಾರ ಕೊಂಡರು. ಅಲ್ಲಿದ್ದವರೆಲ್ಲ ಮುಚ್ಚಿದ ಕಾರ್ಖಾನೆಯ ಸಂಸಾರಗಳು. ಕೂಲಿಗೆ ಅಲೆಯುತ್ತಿದ್ದ ಸಣ್ಣತಿಮ್ಮಪ್ಪನನ್ನು ಕರೆದು ಕೆಲಸ ಕೊಟ್ಟರು.

"ನನ್ನನ್ನೇ ಯಾಕ ಕರೆದ್ರು ಅಂತ ಆಗ ತಿಳೀಲಿಲ್ರಿ. ಆ ಆರು ಮನೆಯೋರು ನನ್ನ ಮಾತು ಕೇಳ್ತಾರೆ, ಅದಕ್ಕೆ."

ವಠಾರ ಕೆಡವಲೆಂದು, ಇವರ ಮಾತಿನ ಮೇಲೆ ಐದು ಮನೆಗಳು ಖಾಲಿಯಾದವು. ಉಳಿದದ್ದು ಉಚ್ಚೆಂಗೆಮ್ಮನ ಮನೆ. ಆಕೆಯ ಗಂಡ ರೇವಣ್ಣ ಸಣ್ಣತಿಮ್ಮಪ್ಪನ ಜೊತೆ ಒಂದೇ ಯಂತ್ರದಲ್ಲಿ ಪಾಳಿ ಬದಲಿಸಿ ದುಡಿದವನು. ಅವನು ತೀರಿಹೋದ ಮೇಲೆ ಆಕೆ ಮುಂಗೋಣೆಯಲ್ಲಿ ರೊಟ್ಟಿ ಬಡಿದು ಮಾರಿ ಬದುಕು ಕಟ್ಟಿಕೊಂಡಿದ್ದಳು. ಕಟ್ಟಡ ಎದ್ದ ಮೇಲೆ ಕೆಳಗೊಂದು ಕೋಣೆಯನ್ನು ಹಳೆ ಬಾಡಿಗೆಗೇ ಕೊಡುತ್ತೇನೆಂದು ವಿಜಯಕುಮಾರ್ ಫೋನಿನಲ್ಲಿ ಹೇಳಿದರು. ಅದನ್ನು ಸಣ್ಣತಿಮ್ಮಪ್ಪ ಆಕೆಯ ಹೊಸ್ತಿಲಲ್ಲಿ ಕೂತು ಹೇಳಿದರು.

"ಇದು ಓನರ್ ಮಾತೋ, ನಿನ್ನ ಮಾತೋ ಅಣ್ಣಾ?" ಎಂದು ಆಕೆ ಕೇಳಿದ್ದಳು.

"ನಂದೇ ಅಂತ ತಿಳ್ಕಳವ್ವ."

ಮರುದಿನವೇ ಆಕೆ ರೊಟ್ಟಿ ಹಂಚು, ಹಿಟ್ಟಿನ ಡಬ್ಬಿಗಳನ್ನು ಲಗೇಜ್ ಆಟೋಕ್ಕೆ ಹೇರಿ ಮಾಯಕೊಂಡದ ತಮ್ಮನ ಮನೆ ಸೇರಿದಳು.

ಒಂದೂವರೆ ವರ್ಷಕ್ಕೆ ಕಟ್ಟಡ ಎದ್ದಿತು. ಸಿಮೆಂಟು, ಕಬ್ಬಿಣದ ಬೆಲೆ ಏರಿ ಸಾಲವೂ ಬೆಳೆದಿತ್ತು. ಕೆಳಗಿನದೆಲ್ಲ ಅಂಗಡಿ ಮಳಿಗೆಗಳಾದವು. ಆ ಕೋಣೆಯ ಬಗ್ಗೆ ಸಣ್ಣತಿಮ್ಮಪ್ಪ ಎರಡು ಸಲ ಕೇಳಿದರು. ಎರಡನೆಯ ಸಲ ವಿಜಯಕುಮಾರ್, "ಬರೆದು ಕೊಟ್ಟಿದ್ನೇನ್ರೀ ನಾನು?" ಎಂದರು.

"ಅವತ್ತೇ ಬೀಗದ ಕೈ ಅವ್ರ ಮುಂದಿಟ್ಟು ಬರ್ಬೇಕಿತ್ತು. ಬರ್ಲಿಲ್ಲ. ಈ ವಯಸ್ನಾಗೆ ಇನ್ಯಾರು ಕೆಲ್ಸ ಕೊಡ್ತಾರೆ ಅಂತ ಹೆದ್ರಿದೆ," ಎನ್ನುವಾಗ ಅವರು ನೆಲ ನೋಡುತ್ತಾರೆ.

ಒಂದು ಭಾನುವಾರ ಮಾಯಕೊಂಡಕ್ಕೆ ಹೋದರು. ಉಚ್ಚೆಂಗೆಮ್ಮ ಮಣೆ ಹಾಕಿ ಊಟಕ್ಕಿಟ್ಟಳು. ಅಲ್ಲಿ ಪ್ರತಿ ಮನೆಯಲ್ಲೂ ರೊಟ್ಟಿ ಬಡಿಯುತ್ತಾರೆ, ಕೊಳ್ಳುವವರಿಲ್ಲ. ಆಕೆ ಕಳೆ ಕೀಳಲು ಹೋಗುತ್ತಾಳೆ. ತಪ್ಪಾಯಿತೆಂದು ಇವರು ಕೈಮುಗಿದರು.

"ಓನರ್ ಮೇಲೆ ನಂಗೆ ಸಿಟ್ಟಿಲ್ಲಣ್ಣ," ಎಂದಳು ಆಕೆ. "ಅವ್ರ ಮುಖಾನೇ ನಾನು ನೋಡಿಲ್ಲ."



ಈಗ ಮನೆ ನೋಡಲು ಬಂದವರಿಗೆ ಯಾವ ಗೋಡೆ ಮಳೆಗಾಲದಲ್ಲಿ ಒಸರುತ್ತದೆ, ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಎಂಬುದನ್ನು ಅವರು ಮೊದಲೇ ಹೇಳಿಬಿಡುತ್ತಾರೆ. ಎರಡು ಮನೆ ಅದರಿಂದಲೇ ತಿಂಗಳುಗಟ್ಟಲೆ ಖಾಲಿ ಉಳಿದು ಮಾಲೀಕರಿಂದ ಬೈಸಿಕೊಂಡದ್ದೂ ಆಯಿತು.

ಹೋದ ತಿಂಗಳು ಹರಿಹರದಲ್ಲಿ ಬೇರೊಬ್ಬರ ಸಣ್ಣ ಮನೆಯೊಂದು ಖಾಲಿಯಾಯಿತು. ಮುಂದೆ ಒಲೆ ಹೂಡುವಷ್ಟು ಜಾಗವಿದೆ. ಉಚ್ಚೆಂಗೆಮ್ಮನಿಗೆ ಫೋನು ಮಾಡಿದರು. ಆಕೆ, "ಆ ಮನೆ ಓನರ್‌ನೇ ಮಾತಾಡ್ಸು. ನಿನ್ನ ಬಾಯಿಂದ ಬ್ಯಾಡ," ಎಂದಳಂತೆ.

ಸಣ್ಣತಿಮ್ಮಪ್ಪ ಆ ಮನೆ ಮಾಲೀಕರ ನಂಬರು ಕೊಟ್ಟಿದ್ದಾರೆ. ಆಕೆ ಇನ್ನೂ ಕರೆ ಮಾಡಿಲ್ಲ.

"ಬರ್ತಾಳೋ ಇಲ್ವೋ, ಆಯಮ್ಮನ ಇಷ್ಟ," ಎನ್ನುತ್ತಾರೆ. "ಬಂದ್ರೆ ಸಾಮಾನು ಇಳ್ಸಾಕೆ ಕೈ ಹಚ್ತೀನಿ. ಅಷ್ಟು ಮಾಡಾಕೆ ಬಿಟ್ರೆ ಸಾಕ್ರಿ."