ಕವರ್ ತೆಗೆಯದ ಲೈಫ್ ಜಾಕೆಟ್

ನಮ್ಮ ಮಾವನ ವಿಷಯ ಹೇಳ್ತೀನಿ ಕೇಳ್ರೋ. ಸೋಫಾ ರಿಪೇರಿ ಅವರ ಕೆಲಸ. ಹೊಸ ಸಾಮಾನಿನ ಪ್ಲಾಸ್ಟಿಕ್ ಕವರ್ ತೆಗೀಬೇಕು ಅಂದ್ರೆ ಜೀವ ಹೋದ ಹಾಗೆ ಆಡ್ತಾರೆ. ಮನೇಲಿ ಟೀವಿ ರಿಮೋಟೂ ಕವರೊಳಗೇ ಇದೆ.

ಭಾನುವಾರ ಬಂದ್ರೆ ಅತ್ತೆ, ಮಾವ ಇಬ್ಬರೂ ಸಮುದ್ರದಲ್ಲಿ ಕಯಾಕ್ ಅನ್ನೋ ಪುಟ್ಟ ದೋಣಿ ಓಡಿಸ್ತಾರೆ, ಒಬ್ಬೊಬ್ಬರಿಗೆ ಒಂದೊಂದು. ಅತ್ತೆ ಮಾವನಿಗೆ ಸೀಟಿ ಸಮೇತ ಹೊಸ ಲೈಫ್ ಜಾಕೆಟ್ ತಂದುಕೊಟ್ರು. ಮಾವ ಅದನ್ನ ಕವರ್ ಸಮೇತ ಬೆನ್ನ ಹಿಂದೆ ಇಟ್ಕೊಂಡು ಹೊರಟ್ರು.

"ಮೈಗೆ ಹಾಕ್ಕೊಳ್ರೀ," ಅಂದ್ರು ಅತ್ತೆ.

"ಉಪ್ಪುನೀರಿಗೆ ಬಣ್ಣ ಹೋಗುತ್ತೆ ಕಣೇ. ಬೇಕಾದಾಗ ಹಾಕ್ಕೋತೀನಿ."

ಬೇಕಾಯ್ತು. ಒಂದು ಅಲೆ ಅಡ್ಡ ಬಂದು ಮಾವನ ಕಯಾಕ್ ಮಗುಚಿತು. ಜಾಕೆಟ್ ಹನಿ ನೀರೂ ತಾಗದ ಹಾಗೆ ಮಹಾರಾಜನ ಥರ ತೇಲಿಕೊಂಡು ಹೋಯ್ತು. ಮಾವ ಮುಳುಗ್ತಾ ಏಳ್ತಾ ನೀರು ಕುಡೀತಿದ್ರು. ಸಹಾಯಕ್ಕೆ ಊದೋಣ ಅಂದ್ರೆ ಸೀಟಿ ಕವರೊಳಗೆ. ಬಣ್ಣಗೆಟ್ಟ ಹಳೇ ಜಾಕೆಟ್ ಹಾಕಿದ್ದ ಅತ್ತೆನೇ ಹಗ್ಗ ಎಸೆದು ದಡಕ್ಕೆ ಎಳ್ಕೊಂಡು ಬಂದ್ರು.

ಉಸಿರು ಬಂದಮೇಲೆ ಮಾವ ಮೊದಲು ಕೇಳಿದ್ದು, "ಜಾಕೆಟ್ ಸಿಕ್ತಾ?"

"ಸಿಕ್ತು, ಹೊಸದಾಗೇ ಇದೆ. ಹಳೇದಾಗಿದ್ದು ನೀವೇ."

ಈಗ ಮಾವ ಜಾಕೆಟ್ ಹಾಕ್ಕೊಂಡೇ ನೀರಿಗಿಳೀತಾರೆ. ಅದರ ಮೇಲೆ ಸೋಫಾ ಬಟ್ಟೇಲಿ ತಾವೇ ಒಂದು ಕವರ್ ಹೊಲ್ಕೊಂಡಿದ್ದಾರೆ. ಸೀಟಿ ಮಾತ್ರ ಹೊರಗಿದೆ. ಮಾವ ಹೊಲಿಯುವಾಗ ಅತ್ತೆ ಪಕ್ಕದಲ್ಲೇ ಕೂತು ಅದನ್ನ ಹೊರಗೆ ಇಡಿಸಿದ್ದು.