ಎಂಬತ್ತನೇ ಇಸವಿಯಿಂದ ಬಂದ ಮೇಲ್

ಸ್ನೇಹಿತರೇ, ನಮ್ಮ ಕಾಕಾನ ಮೊಣಕಾಲಿನ ಸ್ಕ್ಯಾನ್ ವರದಿ ತೋರಿಸದಿದ್ದರೆ ಇಂದಿನ ಆಪರೇಶನ್ ಇಲ್ಲ ಎಂದರು ಹುಬ್ಬಳ್ಳಿ ಆಸ್ಪತ್ರೆಯವರು. ಹೋದ ತಿಂಗಳು ಅದನ್ನು ಕುಂದಗೋಳದ ಜೆರಾಕ್ಸ್ ಅಂಗಡಿಯಿಂದ ನನಗೆ ಮೇಲ್ ಮಾಡಿಸಿದ್ದೆವು. ಊರವರ ಕಾಗದಗಳೆಲ್ಲ ಅಲ್ಲಿಂದ ನನಗೇ ಬರುತ್ತವೆ, ಸಾವಿರಾರು ಮೇಲ್. ಲ್ಯಾಪ್‌ಟಾಪಿನ ಕಪ್ಪು ಪರದೆ ತೆರೆದು, ಹೋದ ತಿಂಗಳ ತಾರೀಖಿನ ಮೇಲ್‌ಗಳನ್ನಷ್ಟೇ ಹುಡುಕಲು ಕಮಾಂಡ್ ಟೈಪ್ ಮಾಡಿದೆ. ಸಿಗಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. "ಕಳಿಸೇನ್ರಿ! ನಮ್ಮ ಕಂಪ್ಯೂಟರಿನ ಗಡಿಯಾರದ ಸೆಲ್ ಸತ್ತೈತಿ, ದಿನಾ ಎಂಬತ್ತನೇ ಇಸ್ವಿ ತೋರಸ್ತೈತಿ, ಮೇಲ್‌ಗೂ ಅದ ತಾರೀಖು ಬೀಳ್ತೈತಿ. ಮೇಲ್ ಹೋಗ್ತಾವಲ್ರಿ, ಮತ್ತೇನು?"

1980 ಎಂದು ಹುಡುಕಿದೆ, ಸಿಕ್ಕಿತು. ಆಸ್ಪತ್ರೆಯ ಗುಮಾಸ್ತ ಮೇಲ್‌ನ ತಾರೀಖು ನೋಡಿ, "ಇಷ್ಟು ಹಳೇ ವರದಿ ನಡಿಯಂಗಿಲ್ರಿ" ಎಂದ.

ಕಾಕಾ ರೇಗಿದ: "ಆವಾಗ ನಾ ಎತ್ತಿನ ಕೂಡ ಓಡ್ತಿದ್ನೋಪಾ! ಮೊಣಕಾಲ ಯಾಕ ತೋರಸ್ಲಿ?"

ಗದ್ದಲಕ್ಕೆ ಹೊರಬಂದ ಡಾಕ್ಟರು ವರದಿ ತೆರೆದು, ಒಳಗೆ ಹೋದ ತಿಂಗಳ ತಾರೀಖೇ ಇರುವುದನ್ನು ನೋಡಿ, ಕಾಕಾನನ್ನು ಒಳಗೆ ಕರೆದೊಯ್ದರು. ಬೆಳಿಗ್ಗೆ ಮೇಲ್ ಸಿಗದಾಗಲೇ ಲ್ಯಾಪ್‌ಟಾಪಿಗೂ ಕಾಕಾನಿಂದ ಬೈಸಬೇಕಿತ್ತು.